ಲೋಗೋ ಪೆಡಲ್ ತುಳಿಯೋದಿಲ್ಲ

ಯುಗಾದಿಗೆ ಹಾರನಹಳ್ಳಿಗೆ ಹೋಗಿದ್ದೆ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ, ನಮ್ಮಮ್ಮನ ತವರು. ಮಾವನ ಮನೆ ಹಿಂದಿನ ಕೊಟ್ಟಿಗೆಯಲ್ಲಿ, ಕೊಬ್ಬರಿ ಚೀಲಗಳ ಪಕ್ಕದಲ್ಲಿ ಒಂದು ಸೈಕಲ್ ನಿಂತಿತ್ತು. ಅದರ ಮೈಮೇಲೆ ದೊಡ್ಡದಾಗಿ ಒಂದು ವಿದೇಶಿ ಕಾರಿನ ಹೆಸರು. ಆ ಹೆಸರಿನ ಕಾರು ಬೇಕು ಅಂದ್ರೆ ತೋಟಾನೇ ಮಾರಬೇಕು, ಅಂಥ ಹೆಸರು. ಸೈಕಲ್ ಮೇಲೆ ಮಾತ್ರ ಒಂದು ಬೆರಳು ಧೂಳು.

"ಏನ್ ಮಾವ ಇದು?" ಅಂದೆ.

"ಹುಡುಗ ಹಟ ಮಾಡ್ದ ಕಣಪ್ಪ. ಕೊಬ್ಬರಿ ಮಾರಿದ ದುಡ್ಡಲ್ಲಿ ಮೂವತ್ತೆರಡು ಸಾವಿರ ಕೊಟ್ಟೆ. ನಾಲ್ಕು ತಿಂಗಳು ಓಡ್ತು. ಈಗ ನಿಂತೈತೆ."

ಹುಡುಗ ಅಂದ್ರೆ ಮಾವನ ಮಗ. ಪಿಯುಸಿ. ದಿನಾ ಅರಸೀಕೆರೆಗೆ ಕಾಲೇಜಿಗೆ ಹೋಗ್ತಾನೆ. ಒಂದು ದಿನ ಗುಂಡಿಗೆ ಬಿದ್ದು ಚಕ್ರ ಸೀಳಿದೆ. ಸೈಕಲ್ ಶಾಪಿನವನು ನೋಡಿ ಕೈ ಎತ್ತಿದ್ದಾನೆ. ಆನ್‌ಲೈನಲ್ಲಿ ಮಾರಿದವನ ನಂಬರಿಗೆ ಫೋನ್ ಮಾಡಿದ್ರೆ, ನಂಬರ್ರೇ ಅಸ್ತಿತ್ವದಲ್ಲಿಲ್ಲ!

ನಾನು ಓದಿದ್ದು ಎಂಜಿನಿಯರಿಂಗ್, ಕೂತಿರೋದು ಸ್ಟುಡಿಯೋದಲ್ಲಿ. ಆದರೂ ಹಳೇ ಚಾಳಿ ಬಿಡಲ್ಲ. ಸೈಕಲನ್ನು ಹೊರಗೆ ಎಳೆದು ನೋಡಿದೆ. ಮಾಮೂಲಿ ಚಕ್ರಕ್ಕೆ ಸ್ಪೋಕ್ಸ್ ಕಡ್ಡಿ ಇರುತ್ತೆ. ಒಂದು ಮುರಿದರೆ ಒಂದನ್ನೇ ಬದಲಾಯಿಸಬಹುದು, ಬೆಂಡಾದರೆ ಬೆಂಡ್ ತೆಗೀಬಹುದು. ಇದಕ್ಕೆ ಇದ್ದದ್ದು ಕಾರಿನ ಅಲಾಯ್ ಥರ ಕಾಣೋ, ಒಂದೇ ಎರಕದ ಚಕ್ರ. ಸೀಳಿದರೆ ಇಡೀ ಚಕ್ರವನ್ನೇ ಎಸೀಬೇಕು. ಹಿಂದೆ ಒಂದು ಸ್ಪ್ರಿಂಗ್ ಬೇರೆ. ಏರಿನಲ್ಲಿ ನೀವು ಹಾಕಿದ ಶಕ್ತಿಯಲ್ಲಿ ಒಂದು ಪಾಲನ್ನು ಆ ಸ್ಪ್ರಿಂಗೇ ಕುಡಿದುಬಿಡುತ್ತೆ. ಕೊಬ್ಬರಿ ತೂಗೋ ತಕ್ಕಡಿಗೆ ಹಾಕಿದೆವು, 19 ಕೆ.ಜಿ. ಬಂತು. ಮಾವನ ಹಳೇ ಅಟ್ಲಾಸ್ ಕೂಡ ಹೆಚ್ಚೂಕಮ್ಮಿ ಅಷ್ಟೇ ತೂಕ. ಆದರೆ ಅದು ಇವತ್ತಿಗೂ ಡೈರಿಗೆ ಹಾಲಿನ ಕ್ಯಾನ್ ಹೊರುತ್ತೆ. ಇದಕ್ಕೆ ಒಂದು ಕ್ಯಾರಿಯರ್ರೂ ಇಲ್ಲ.

ಹಾಗಾದ್ರೆ ಪ್ರಶ್ನೆ: ಕಾರ್ ಕಂಪನಿ ಹೆಸರಿನ ಸೈಕಲ್ ತಗೋಬಹುದಾ?

ವೀಕ್ಷಕರೇ, ಮೊದಲು ಒಂದು ಕಥೆ ಕೇಳಿ. ಈಗಿನ ಜೆಕ್ ದೇಶದ ಮ್ಲಾದಾ ಬೊಲೆಸ್ಲಾವ್ ಅನ್ನೋ ಊರಲ್ಲಿ ವಾಕ್ಲಾವ್ ಕ್ಲೆಮೆಂಟ್ ಅಂತ ಒಬ್ಬ ಪುಸ್ತಕದ ವ್ಯಾಪಾರಿ. ಅವನ ಜರ್ಮನ್ ಸೈಕಲ್ ಕೆಟ್ಟಿತು. ರಿಪೇರಿ ಮಾಡಿಕೊಡಿ ಅಂತ ಕಂಪನಿಯವರಿಗೆ ತನ್ನ ಭಾಷೆಯಲ್ಲಿ, ಜೆಕ್‌ನಲ್ಲಿ, ಪತ್ರ ಬರೆದ. ಬಂದ ಉತ್ತರ ಏನು ಗೊತ್ತಾ? ನಮಗೆ ಅರ್ಥ ಆಗೋ ಭಾಷೆಯಲ್ಲಿ ಬರೆಯಿರಿ ಅಂತ! ಅವನಿಗೆ ರೇಗಿತು. ಮೆಕ್ಯಾನಿಕ್ ವಾಕ್ಲಾವ್ ಲೌರಿನ್‌ನನ್ನು ಜತೆಗೆ ಸೇರಿಸಿಕೊಂಡು 1895ರಲ್ಲಿ ತಾನೇ ಸೈಕಲ್ ರಿಪೇರಿ ಅಂಗಡಿ ತೆರೆದ. ಆಮೇಲೆ ಸೈಕಲ್ ಮಾಡಿದರು, ಮೋಟರ್ ಸೈಕಲ್ ಮಾಡಿದರು, 1905ರಲ್ಲಿ ಕಾರೂ ಮಾಡಿದರು. ಇವತ್ತು ಬೆಂಗಳೂರಿನ ರಸ್ತೆಯಲ್ಲಿ ಓಡಾಡೋ ಸ್ಕೋಡಾ ಇದೆಯಲ್ಲ, ಅದರ ಬೇರು ಆ ಅಂಗಡಿಯಲ್ಲಿದೆ. ಅಂದ್ರೆ ಒಂದು ಕಾರ್ ಕಂಪನಿ ಹುಟ್ಟಿದ್ದೇ ಸೈಕಲ್ ರಿಪೇರಿ ಮಾಡಿಕೊಡೋರು ಇಲ್ಲ ಅನ್ನೋ ಸಿಟ್ಟಿನಿಂದ.

ಪ್ಯೂಜೋ ಕೂಡ ಕಾರಿಗೆ ಮುಂಚೆ ಸೈಕಲ್ ಮಾಡ್ತಿತ್ತು. ಓಪೆಲ್ಲೂ ಅಷ್ಟೇ, 1886ರಲ್ಲಿ ಸೈಕಲ್, 1899ರಲ್ಲಿ ಕಾರು. ಹಾಗಾಗಿ ಕಾರಿನ ಹೆಸರು ಸೈಕಲ್ ಮೇಲೆ ಇರೋದೇ ತಪ್ಪು ಅಂತ ನಾನು ಹೇಳಲ್ಲ. ಆದರೆ ಇವತ್ತು ಇದರಲ್ಲಿ ಮೂರು ಜಾತಿ ಇದೆ.

ಮೊದಲನೆಯದು, ಕಾರಿನವರೂ ಒಳ್ಳೇ ಸೈಕಲಿನವರೂ ಕೂತು ಮಾಡಿದ್ದು. ಫೆರಾರಿ ಇಟಲಿಯ ಕೊಲ್ನಾಗೊ ಜತೆ, ಮೆಕ್ಲಾರೆನ್ 2011ರಲ್ಲಿ ಸ್ಪೆಷಲೈಸ್ಡ್ ಜತೆ, ಪೋರ್ಷೆ 2021ರಲ್ಲಿ ರೋಟ್‌ವಿಲ್ಡ್ ಜತೆ. ಇವು ನಿಜಕ್ಕೂ ಒಳ್ಳೇ ಸೈಕಲ್ಲು. ಬೆಲೆ ಲಕ್ಷಗಳಲ್ಲಿ. ದುಡ್ಡಿದ್ದವರು ತಗೊಳ್ಳಲಿ, ಹೊಟ್ಟೆಕಿಚ್ಚು ಬೇಡ.

ಎರಡನೆಯದು, ಹೆಸರು ಬಾಡಿಗೆಗೆ ತಂದದ್ದು. ಯಾವುದೋ ಕಾರ್ಖಾನೆ ಸೈಕಲ್ ಮಾಡುತ್ತೆ, ಹೆಸರಿಗೆ ಕಾರಿನವರಿಗೆ ದುಡ್ಡು ಕಟ್ಟುತ್ತೆ. ಆ ದುಡ್ಡನ್ನು ಕೊನೆಗೆ ಕೊಡೋರು ಯಾರು? ನೀವೇ. ಇಂಥದ್ದನ್ನು ನೋಡುವಾಗ ಸ್ಟಿಕ್ಕರ್ ಮೇಲೆ ಕೈ ಮುಚ್ಚಿ ನೋಡಿ. ಹೆಸರಿಲ್ಲದೆ ಅದೇ ಬೆಲೆ ಕೊಡ್ತೀರಾ? ಕೊಡ್ತೀರಿ ಅಂದ್ರೆ ತಗೊಳ್ಳಿ.

ಮೂರನೆಯದು ಶುದ್ಧ ಕಳ್ಳಮಾಲು. ಕಾರಿನವರಿಗೆ ಗೊತ್ತೇ ಇರೋದಿಲ್ಲ, ಸ್ಟಿಕ್ಕರ್ ಮಾತ್ರ ಇರುತ್ತೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ ಸುಳ್ಳು ಮಾರ್ಕು ಹಾಕಿ ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಮಾವನಿಗೆ ಸಿಕ್ಕಿದ್ದು ಈ ಮೂರನೇ ಜಾತಿ. ಬಿಲ್ಲಿನಲ್ಲಿ ಕಾರಿನ ಹೆಸರೂ ಇಲ್ಲ, ತಯಾರಕರ ಹೆಸರೂ ಇಲ್ಲ. ಬರೀ 'ಸೈಕಲ್ 1' ಅಂತ ಬರೆದಿದೆ.

ಅವತ್ತು ಸಂಜೆ ಹುಡುಗನ ಜತೆ ಊರಿನ ದೇವಸ್ಥಾನಕ್ಕೆ ಹೋದೆ. ಹಾರನಹಳ್ಳಿಯ ಕೇಶವ ದೇವಾಲಯ ಕಟ್ಟಿಸಿದ್ದು 1235ರ ಸುಮಾರಿಗೆ, ಪೆದ್ದಣ್ಣ ಹೆಗ್ಗಡೆ ಮತ್ತು ಅವನ ತಮ್ಮಂದಿರು. ನಮ್ಮ ಜಿಲ್ಲೆಯದ್ದೇ ನುಗ್ಗೇಹಳ್ಳಿಯಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ, ಕೆತ್ತಿದವರು ಮಲ್ಲಿತಮ್ಮ, ಬೈಚೋಜ. ಬೇಲೂರಿನಲ್ಲಿ ದಾಸೋಜ, ಚಾವಣ ತಮ್ಮ ಕೆಲಸದ ಕೆಳಗೇ ಹೆಸರು ಕೆತ್ತಿದ್ದಾರೆ. ದುಡ್ಡು ಕೊಟ್ಟವನ ಹೆಸರೂ ಉಳಿದಿದೆ, ಉಳಿ ಹಿಡಿದವನ ಹೆಸರೂ ಉಳಿದಿದೆ. ಎಂಟುನೂರು ವರ್ಷದ ಕಲ್ಲಿಗೆ ಇರೋ ಈ ಪ್ರಾಮಾಣಿಕತೆ ಮೂವತ್ತೆರಡು ಸಾವಿರದ ಸೈಕಲ್‌ಗೆ ಇರಬಾರದಾ?

ಹುಡುಗ ತಲೆ ತಗ್ಗಿಸಿ, "ಕಾಲೇಜಲ್ಲಿ ಎಲ್ಲರೂ ತಿರುಗಿ ನೋಡ್ತಿದ್ರು ಭಾವ" ಅಂದ. ನಾನು ಬೈಯಲಿಲ್ಲ. ಆ ವಯಸ್ಸಿನಲ್ಲಿ ತಿರುಗಿ ನೋಡಿಸಿಕೊಳ್ಳೋ ಆಸೆ ಯಾರಿಗಿಲ್ಲ? ನನ್ನ ಕೈಯಲ್ಲಿರೋ ಮೈಕಿಗೂ ಒಂದು ಲೋಗೋ ಇದೆ. ಸುದ್ದಿ ಸುಳ್ಳಾದರೆ ಆ ಲೋಗೋ ನನ್ನನ್ನು ಕಾಪಾಡಲ್ಲ.

ಸೈಕಲ್ ಕೊಳ್ಳೋಕೆ ಹೊರಟವರು ಮೂರೇ ಮೂರು ಪ್ರಶ್ನೆ ಕೇಳಿ. ಮಾಡಿದವರು ಯಾರು? ಬಿಲ್ಲಿನಲ್ಲಿ ಅವರ ಹೆಸರು, ವಿಳಾಸ, ಫ್ರೇಮ್ ನಂಬರ್ ಇದೆಯಾ? ಕೆಟ್ಟರೆ ನಮ್ಮೂರಿನ ಶಾಪಿನವನು ರಿಪೇರಿ ಮಾಡ್ತಾನಾ? ಮೂರಕ್ಕೂ ಉತ್ತರ ಸಿಕ್ಕಿದರೆ ದುಡ್ಡು ಬಿಚ್ಚಿ. ಈಗಾಗಲೇ ಮೋಸ ಹೋಗಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ನಾಚಿಕೊಂಡು ಕೂರಬೇಡಿ. ಮಾವನ ಕೈಲಿ ನಾನೇ ಕೂತು ಮಾಡಿಸಿದೆ.

ಹುಡುಗ ಈಗ ಅಪ್ಪನ ಅಟ್ಲಾಸ್‌ನಲ್ಲಿ ಕಾಲೇಜಿಗೆ ಹೋಗ್ತಿದ್ದಾನೆ. ಹಾಲು ಡೈರಿಗೆ ಮುಟ್ಟಿದ ಮೇಲೆ. ಯಾರೂ ತಿರುಗಿ ನೋಡಲ್ಲವಂತೆ. ಆದರೆ ಫಸ್ಟ್ ಅವರ್ ಒಂದು ದಿನಾನೂ ತಪ್ಪಿಲ್ಲ.

ಯೋಚನೆ ಮಾಡಿ.