ಮನೆಯೇ ಮೊದಲು ಎಂದವರ ಷರತ್ತು

 



ಮನೆ ಮತ್ತು ಹೆಣ್ಣಿನ ಮಾತು ಬಂದಾಗಲೆಲ್ಲ ನಾವು ಅಭಿಮಾನದಿಂದ ಎತ್ತಿಕೊಳ್ಳುವ ಹೆಸರುಗಳಲ್ಲಿ ಈಜಿಪ್ಟಿನ ಝೈನಬ್ ಅಲ್ ಗಝಾಲಿಯವರದ್ದೂ ಒಂದು. 1917ರಲ್ಲಿ ಹುಟ್ಟಿದವರು. ಅಲ್ ಅಝ್‌ಹರ್‌ನಲ್ಲಿ ಕಲಿತ ಅವರ ತಂದೆ ಮಗಳನ್ನು ನುಸೈಬಾ ಎಂದು ಕರೆಯುತ್ತಿದ್ದರು. ಉಹುದ್‌ನಲ್ಲಿ ಪ್ರವಾದಿವರ್ಯರ(ಸ) ರಕ್ಷಣೆಗೆ ಕತ್ತಿ ಹಿಡಿದು ನಿಂತ ಆ ಮಹಿಳೆಯ ಹೆಸರು ಅದು. ಝೈನಬ್ ಮೊದಲು ಹುದಾ ಶಅರಾವಿಯವರ ಸ್ತ್ರೀವಾದಿ ಸಂಘಟನೆಗೆ ಸೇರಿದರು. ಹೆಣ್ಣಿಗೆ ಬೇಕಾದ ಹಕ್ಕೆಲ್ಲ ಇಸ್ಲಾಮಿನಲ್ಲೇ ಇದೆ ಎಂದು ಮನಗಂಡು ಅಲ್ಲಿಂದ ಹೊರಬಂದರು. 1936ರಲ್ಲಿ, ಇನ್ನೂ ಇಪ್ಪತ್ತೂ ತುಂಬದ ವಯಸ್ಸಿನಲ್ಲಿ, ಮುಸ್ಲಿಮ್ ಮಹಿಳೆಯರ ಸಂಘವೊಂದನ್ನು ಕಟ್ಟಿದರು. ಅನಾಥ ಮಕ್ಕಳನ್ನು ಸಾಕುವುದು, ಮುರಿಯುತ್ತಿರುವ ಸಂಸಾರಗಳನ್ನು ಕೂಡಿಸುವುದು ಅದರ ಕೆಲಸವಾಗಿತ್ತು. 1965ರಲ್ಲಿ ಸೆರೆಮನೆ ಸೇರಿ 1971ರಲ್ಲಿ ಹೊರಬಂದರು. ಅವರ ರಾಜಕೀಯದ ಚರ್ಚೆ ಇಂದಿನ ವಿಷಯವಲ್ಲ.

ಹೆಣ್ಣಿನ ಮೊದಲ ಹೊಣೆ ತಾಯ್ತನ ಮತ್ತು ಸಂಸಾರ, ಅದು ಪವಿತ್ರ ಹೊಣೆ, ಅದಾದ ಮೇಲೆ ಸಮಯ ಉಳಿದರೆ ಸಮಾಜದ ಕೆಲಸಕ್ಕೂ ಬರಬಹುದು ಎಂಬುದು ಅವರ ಖಚಿತ ನಿಲುವು. ನಮಗೂ ಈ ಮಾತು ಪ್ರಿಯ. ಮಕ್ಕಳನ್ನು ಬೆಳೆಸುವುದನ್ನು ಕೆಲಸವೆಂದೇ ಎಣಿಸದ ಈ ಕಾಲದಲ್ಲಿ ಇದನ್ನು ತಲೆಯೆತ್ತಿ ಹೇಳಿದರಲ್ಲ ಎಂದು ಸಂತೋಷವಾಗುತ್ತದೆ.

ಆದರೆ ನಾವು ಗಂಡಸರು ಅರ್ಧ ಓದಿ ಪುಸ್ತಕ ಮುಚ್ಚುತ್ತೇವೆ. ಮನೆಯೇ ಮೊದಲು ಎಂದ ಇದೇ ಮಹಿಳೆ ಮದುವೆಗೆ ಮುಂಚೆಯೇ ಷರತ್ತು ಇಟ್ಟಿದ್ದರು: ನನ್ನ ದೀನೀ ಸೇವೆಗೆ ಅಡ್ಡಿಯಾಗಬಾರದು. ಮೊದಲ ಪತಿಗೆ ಅದು ಒಗ್ಗಲಿಲ್ಲ, ಇಬ್ಬರೂ ಬೇರೆಯಾದರು. ಎರಡನೆಯ ಪತಿ ಮುಹಮ್ಮದ್ ಸಾಲಿಮ್ ಕೊಟ್ಟ ಮಾತನ್ನು ಉಳಿಸಿಕೊಂಡರು. ಅಪರಾತ್ರಿಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಅವರೇ ಎದ್ದು ಹೋಗಿ ತೆರೆಯುತ್ತಿದ್ದರು. ಬಂದವರನ್ನು ಕೂರಿಸಿ, ಚಹಾದ ಏರ್ಪಾಡು ಮಾಡಿಸಿ, ಆಮೇಲೆ ಪತ್ನಿಯನ್ನು ಮೆಲ್ಲಗೆ ಎಬ್ಬಿಸುತ್ತಿದ್ದರು. ತಮ್ಮ ಆತ್ಮಕಥೆಯಲ್ಲಿ ಝೈನಬ್ ಇದನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಹಾಗೆ ಎದ್ದೇವು? ಹಗಲಲ್ಲೇ ಒಂದು ಲೋಟ ನೀರಿಗೂ ಅಡುಗೆಮನೆಯತ್ತ ಕೂಗು ಹಾಕುವವರು ನಾವು!

ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂಬರ್ಥದ ಉತ್ತರ ಕೊಟ್ಟವರು ಆಯಿಶಾ(ರ). ಈಡೇರಿಸಲು ಅತ್ಯಂತ ಅರ್ಹವಾದುವು ನಿಕಾಹ್‌ನ ಷರತ್ತುಗಳು ಎಂಬ ಆಶಯದ ಹದೀಸ್ ಬುಖಾರಿಯಲ್ಲಿದೆ. ನಾವು ಮಾತ್ರ ನಿಕಾಹ್‌ನ ಮಾತುಕತೆಯಲ್ಲಿ ಹಾಲ್ ಯಾವುದು, ಊಟಕ್ಕೆ ಎಷ್ಟು ಮಂದಿ, ಹುಡುಗನಿಗೆ ಏನು ಸಿಗುತ್ತದೆ ಎಂಬುದರಲ್ಲೇ ಮುಳುಗಿರುತ್ತೇವೆ. ಮಹ್ರ್ ಕೊನೆಗೆ ನೆನಪಾಗುತ್ತದೆ. ಹುಡುಗಿಯ ಓದು ಮುಗಿಸಬೇಕೆಂಬ ಆಸೆಯೋ, ಮದ್ರಸದಲ್ಲಿ ಕಲಿಸಬೇಕೆಂಬ ಬಯಕೆಯೋ ಆ ಕೋಣೆಯ ಒಳಗೆ ಬರುವುದೇ ಇಲ್ಲ. ಮದುವೆಯಾಗಿ ಆರು ತಿಂಗಳಿಗೆ ಅದೇ ಜಗಳವಾಗಿ ಜಮಾಅತ್ ಕಮಿಟಿಯ ಮುಂದೆ ಬರುತ್ತದೆ.

ಶವ್ವಾಲ್‌ನಲ್ಲಿ ನಮ್ಮ ಮೊಹಲ್ಲಾದಲ್ಲಿ ಹಲವು ನಿಕಾಹ್‌ಗಳಿವೆ. ದಿನ ಗೊತ್ತು ಮಾಡಲು ಮಸೀದಿಗೆ ಬರುವ ತಂದೆಯಂದಿರು ಅದಕ್ಕೆ ಮುಂಚೆ ಒಂದು ಸಂಜೆ ಮಗಳ ಹತ್ತಿರ ಕುಳಿತು, ನಿನ್ನ ಷರತ್ತೇನಮ್ಮಾ ಎಂದು ಕೇಳಿ, ಬರೆದುಕೊಂಡು ಬನ್ನಿ.