ಎರಡು ಡಿಸ್ಕುಗಳ ಪೈಪೋಟಿ, ನಡುವೆ ಒಂದು ಆಟದ ಯಂತ್ರ



ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ತುಂಗಭದ್ರಾ ನದಿಯ ದಂಡೆಯ ಮೇಲೆ ಕೊರ್ಲಹಳ್ಳಿ ಎಂಬ ಊರಿದೆ. ಅಲ್ಲಿಯ ಒಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿ ತೆರೆದರೆ ಒಳಗೆ ಮೂರು ವಸ್ತುಗಳಿವೆ. ಅಪ್ಪ-ಅವ್ವನ ಮದುವೆಯ ವಿಡಿಯೋ ಕ್ಯಾಸೆಟ್ಟು ಒಂದು. ಜಾತ್ರೆಯಲ್ಲಿ ಕೊಂಡ ನಾಟಕದ ವಿ.ಸಿ.ಡಿ. ಇನ್ನೊಂದು, ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮಿನ ಕಾರ್ಟ್ರಿಜ್ ಮತ್ತೊಂದು. ಮೂರೂ ನೋಡಲು ಚೆನ್ನಾಗಿಯೇ ಇವೆ. ಆದರೆ ಅವುಗಳನ್ನು ನಡೆಸುವ ಯಂತ್ರ ಮಾತ್ರ ಮನೆಯಲ್ಲಿಲ್ಲ. ಮದುವೆಯಲ್ಲಿ ಸೋಬಾನೆ ಹಾಡಿದ ಅಜ್ಜಿಯ ದನಿ ಆ ಟೇಪಿನಲ್ಲಿ ಇದ್ದರೂ ಕೇಳುವಂತಿಲ್ಲ. ಇಂಥ ಟ್ರಂಕು ನಿಮ್ಮ ಮನೆಯಲ್ಲಿಯೂ ಇರಬಹುದು.

ಹೀಗೇಕಾಗುತ್ತದೆ? ಉತ್ತರವನ್ನು ಹುಡುಕಲು, ಚಿತ್ರ ಮತ್ತು ಧ್ವನಿಯನ್ನು ದಾಖಲಿಸುವ ನಮೂನೆಗಳ ನಡುವೆ ನಡೆದ ಪೈಪೋಟಿಯ ಕಥೆಯನ್ನು ತಿಳಿಯಬೇಕು. ಅದರಲ್ಲಿಯೂ ಬ್ಲೂ-ರೇ ಮತ್ತು ಎಚ್.ಡಿ. ಡಿ.ವಿ.ಡಿ. ಎಂಬ ಎರಡು ಡಿಸ್ಕುಗಳ ಪೈಪೋಟಿ ಸ್ವಾರಸ್ಯವಾದುದು. ಸಿನಿಮಾ ಡಿಸ್ಕುಗಳ ಈ ಸೋಲು-ಗೆಲುವಿನಲ್ಲಿ ಮಕ್ಕಳ ಆಟದ ಯಂತ್ರವೊಂದು ದೊಡ್ಡ ಪಾತ್ರ ವಹಿಸಿತು.

ನಮೂನೆ ಎಂದರೇನು ಎಂಬುದನ್ನು ಗದಗ ರೈಲು ನಿಲ್ದಾಣದ ಉದಾಹರಣೆಯಿಂದ ತಿಳಿಯಬಹುದು. ಮೀಟರ್ ಗೇಜ್ ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್. ಬ್ರಾಡ್ ಗೇಜಿನದು 1676 ಮಿಲಿಮೀಟರ್. 1990ರ ದಶಕದಲ್ಲಿ ಹುಬ್ಬಳ್ಳಿ-ಗದಗ-ಹೊಸಪೇಟೆ ಮಾರ್ಗ ಬ್ರಾಡ್ ಗೇಜ್ ಆಯಿತು. ಸೊಲ್ಲಾಪುರದ ಕಡೆಯ ಮಾರ್ಗ ಆ ಬಳಿಕವೂ ಕೆಲವು ವರ್ಷ ಮೀಟರ್ ಗೇಜಿನಲ್ಲಿಯೇ ಉಳಿಯಿತು. ಆ ವರ್ಷಗಳಲ್ಲಿ ಎರಡೂ ಗಾಡಿಗಳು ಗಟ್ಟಿಮುಟ್ಟಾಗಿಯೇ ಇದ್ದವು. ಆದರೆ ಒಂದರ ಗಾಲಿ ಇನ್ನೊಂದರ ಹಳಿಯ ಮೇಲೆ ಕೂಡುತ್ತಿರಲಿಲ್ಲ. ಡಿಸ್ಕುಗಳ ವಿಷಯವೂ ಹೀಗೆಯೇ. ಎರಡು ಡಿಸ್ಕುಗಳು ಒಂದೇ ಅಳತೆಯಲ್ಲಿ ಕಂಡರೂ ಒಂದನ್ನು ಓದುವ ಯಂತ್ರ ಇನ್ನೊಂದನ್ನು ಓದಲಾರದು.

ಇನ್ನು ಡಿಸ್ಕಿನ ಒಳಗೆ ಏನಿದೆ ಎಂಬುದನ್ನು ನೋಡೋಣ. ಸಿ.ಡಿ., ಡಿ.ವಿ.ಡಿ., ಬ್ಲೂ-ರೇ ಇವೆಲ್ಲವೂ 12 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಬಿಲ್ಲೆಗಳು. ಇವುಗಳಲ್ಲಿ ಸುರುಳಿಯಾಕಾರದ ಸಾಲಿನಲ್ಲಿ ಅತಿ ಸೂಕ್ಷ್ಮವಾದ ಕುಳಿಗಳಿರುತ್ತವೆ. ಲೇಸರ್ ಕಿರಣ ಸಾಲಿನ ಮೇಲೆ ಹಾಯ್ದಾಗ, ಕುಳಿ ಇರುವಲ್ಲಿ ಒಂದು ರೀತಿ, ಇಲ್ಲದಲ್ಲಿ ಇನ್ನೊಂದು ರೀತಿ ಪ್ರತಿಫಲಿಸುತ್ತದೆ. ಈ ವ್ಯತ್ಯಾಸವನ್ನು ಗುರುತಿಸಿ ಯಂತ್ರವು ಚಿತ್ರವನ್ನೂ ಧ್ವನಿಯನ್ನೂ ಮರಳಿ ರೂಪಿಸುತ್ತದೆ.

ನಿಮ್ಮ ಕಡೆಯ ಎರೆ ಹೊಲದಲ್ಲಿ ಕೂರಿಗೆಯಿಂದ ಬಿತ್ತುವುದನ್ನು ನೋಡಿದ್ದೀರಲ್ಲವೇ? ಕೂರಿಗೆಯ ತಾಳುಗಳು ಹತ್ತಿರವಿದ್ದಷ್ಟೂ ಅದೇ ಹೊಲದಲ್ಲಿ ಹೆಚ್ಚು ಸಾಲುಗಳು ಬರುತ್ತವೆ. ಸಿ.ಡಿ.ಯಲ್ಲಿ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಡಿ.ವಿ.ಡಿ.ಯಲ್ಲಿ 0.74, ಬ್ಲೂ-ರೇಯಲ್ಲಿ 0.32 ಮಾತ್ರ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸಾಲುಗಳು ಇಷ್ಟು ಹತ್ತಿರವಾದರೆ ಅವನ್ನು ಓದುವ ಬೆಳಕಿನ ಚುಕ್ಕೆಯೂ ಚಿಕ್ಕದಾಗಬೇಕು. ಬೆಳಕಿನ ತರಂಗಾಂತರ ಕಡಿಮೆಯಾದಷ್ಟೂ ಚುಕ್ಕೆ ಚಿಕ್ಕದಾಗುತ್ತದೆ. ಸಿ.ಡಿ.ಗೆ 780 ನ್ಯಾನೋಮೀಟರಿನ ಅವಗೆಂಪು ಲೇಸರ್, ಡಿ.ವಿ.ಡಿ.ಗೆ 650 ನ್ಯಾನೋಮೀಟರಿನ ಕೆಂಪು ಲೇಸರ್ ಬಳಸಿದರು. ಮುಂದಿನ ಪೀಳಿಗೆಯ ಡಿಸ್ಕಿಗೆ 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್ ಬೇಕಾಯಿತು.

ಡಿ.ವಿ.ಡಿ. ಹುಟ್ಟುವ ಕಾಲಕ್ಕೂ ಎರಡು ಬಣಗಳಿದ್ದವು. ಸೋನಿ ಮತ್ತು ಫಿಲಿಪ್ಸ್ ಒಂದು ಕಡೆ. ತೋಷಿಬಾ ಮತ್ತು ಅದರ ಜೊತೆಗಾರರು ಇನ್ನೊಂದು ಕಡೆ. ವಿಡಿಯೋ ಟೇಪಿನಲ್ಲಿ ಬೀಟಾಮ್ಯಾಕ್ಸ್ ಮತ್ತು ವಿ.ಎಚ್.ಎಸ್. ನಡುವೆ ನಡೆದ ದೀರ್ಘ ಪೈಪೋಟಿಯ ನೆನಪು ಎಲ್ಲರಿಗೂ ಇತ್ತು. ಕಂಪ್ಯೂಟರ್ ಕಂಪನಿಗಳು ಒಂದೇ ನಮೂನೆ ಬೇಕೆಂದು ಪಟ್ಟು ಹಿಡಿದುದರಿಂದ 1995ರಲ್ಲಿ ರಾಜಿಯಾಯಿತು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಮಾರಾಟಕ್ಕೆ ಬಂದಿತು.

ಈ ರಾಜಿಯ ಲಾಭ ಪಡೆದ ಆಟದ ಯಂತ್ರವೆಂದರೆ ಸೋನಿಯ ಪ್ಲೇಸ್ಟೇಷನ್ 2. 2000ದ ಮಾರ್ಚಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಈ ಯಂತ್ರದಲ್ಲಿ ಆಟವನ್ನೂ ಆಡಬಹುದಿತ್ತು, ಡಿ.ವಿ.ಡಿ. ಸಿನಿಮಾವನ್ನೂ ನೋಡಬಹುದಿತ್ತು. ಮಗ ಆಟಕ್ಕೆಂದು ಕೇಳಿದರೆ, ಮನೆಯವರು ಸಿನಿಮಾಕ್ಕೂ ಆಗುತ್ತದೆಂದು ಕೊಂಡರು. ಅದೇ ಕಾಲದ ಸೇಗಾ ಕಂಪನಿಯ ಡ್ರೀಮ್‌ಕಾಸ್ಟ್ ತನ್ನದೇ ನಮೂನೆಯ ಡಿಸ್ಕನ್ನು ಬಳಸುತ್ತಿತ್ತು, ಅದರಲ್ಲಿ ಡಿ.ವಿ.ಡಿ. ನಡೆಯುತ್ತಿರಲಿಲ್ಲ. 2001ರಲ್ಲಿ ಅದರ ತಯಾರಿಕೆ ನಿಂತಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಡಿ.ವಿ.ಡಿ. ಇಲ್ಲದಿರುವುದು ಒಂದು ಕೊರತೆಯೇ ಆಗಿತ್ತು. ಪ್ಲೇಸ್ಟೇಷನ್ 2 ಮಾತ್ರ 15 ಕೋಟಿಗೂ ಹೆಚ್ಚು ಮಾರಾಟವಾಯಿತು.

ಮುಂದಿನ ಸಲ ರಾಜಿಯಾಗಲಿಲ್ಲ. 2002ರ ಫೆಬ್ರವರಿಯಲ್ಲಿ ಸೋನಿಯೂ ಸೇರಿದಂತೆ ಒಂಬತ್ತು ಕಂಪನಿಗಳು ಬ್ಲೂ-ರೇ ಡಿಸ್ಕನ್ನು ಪ್ರಕಟಿಸಿದವು. ತೋಷಿಬಾ ಮತ್ತು ಎನ್.ಇ.ಸಿ. ಮುಂದಿಟ್ಟ ಇನ್ನೊಂದು ನಮೂನೆಗೆ ಎಚ್.ಡಿ. ಡಿ.ವಿ.ಡಿ. ಎಂಬ ಹೆಸರಾಯಿತು. ಎರಡಕ್ಕೂ ಲೇಸರ್ ಒಂದೇ ಬಗೆಯದು. ಭೇದವಿದ್ದುದು ಡಿಸ್ಕಿನ ರಚನೆಯಲ್ಲಿ. ಎಚ್.ಡಿ. ಡಿ.ವಿ.ಡಿ.ಯಲ್ಲಿ ಮಾಹಿತಿಯ ಪದರ ಹಳೆಯ ಡಿ.ವಿ.ಡಿ.ಯಲ್ಲಿದ್ದಂತೆ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿತ್ತು. ಆದ್ದರಿಂದ ಹಳೆಯ ಕಾರ್ಖಾನೆಗಳನ್ನೇ ಸ್ವಲ್ಪ ಬದಲಿಸಿ ಅದನ್ನು ತಯಾರಿಸಬಹುದಿತ್ತು. ಬ್ಲೂ-ರೇಯಲ್ಲಿ ಆ ಪದರ ಕೇವಲ 0.1 ಮಿಲಿಮೀಟರ್ ಒಳಗೆ. ಇದರಿಂದ ಹೆಚ್ಚು ಮಾಹಿತಿ ಹಿಡಿಯುತ್ತಿತ್ತು, ಆದರೆ ಹೊಸ ಯಂತ್ರೋಪಕರಣಗಳು ಬೇಕಾಗಿದ್ದವು. ಒಂದು ಪದರದ ಎಚ್.ಡಿ. ಡಿ.ವಿ.ಡಿ. 15 ಗಿಗಾಬೈಟ್ ಹಿಡಿದರೆ ಬ್ಲೂ-ರೇ 25 ಗಿಗಾಬೈಟ್ ಹಿಡಿಯುತ್ತಿತ್ತು. ಒಂದು ಅಗ್ಗ, ಇನ್ನೊಂದು ವಿಶಾಲ.

ಈಗ ಆಟದ ಯಂತ್ರಗಳು ಎರಡು ದಾರಿ ಹಿಡಿದವು. ಮೈಕ್ರೋಸಾಫ್ಟ್ ಕಂಪನಿ 2005ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರವನ್ನು ಸಾಮಾನ್ಯ ಡಿ.ವಿ.ಡಿ.ಯೊಂದಿಗೇ ತಂದಿತು. ಎಚ್.ಡಿ. ಡಿ.ವಿ.ಡಿ. ಬೇಕಾದವರಿಗೆ ಮರುವರ್ಷ 199 ಡಾಲರಿನ ಪ್ರತ್ಯೇಕ ಪೆಟ್ಟಿಗೆಯನ್ನು ಕೊಟ್ಟಿತು. ಅದರಲ್ಲಿ ಸಿನಿಮಾ ನೋಡಬಹುದಿತ್ತೇ ಹೊರತು ಆಟಗಳು ಬರಲಿಲ್ಲ. ಸೋನಿಯಾದರೋ 2006ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇಯನ್ನು ಕೂಡಿಸಿತು.

ಸೋನಿ ಇದಕ್ಕೆ ದುಬಾರಿ ಬೆಲೆ ತೆರಬೇಕಾಯಿತು. ನೀಲಿ ಲೇಸರಿನ ಬಿಡಿಭಾಗಗಳ ಕೊರತೆಯಿಂದ ಯುರೋಪಿನಲ್ಲಿ ಬಿಡುಗಡೆ 2007ರ ಮಾರ್ಚಿಗೆ ಮುಂದೆ ಹೋಯಿತು. ಅಮೆರಿಕದಲ್ಲಿ ಯಂತ್ರದ ಬೆಲೆ 499 ಮತ್ತು 599 ಡಾಲರ್. ಹಾಗಿದ್ದೂ ಮಾರಿದ ಬೆಲೆಗಿಂತ ತಯಾರಿಕೆಯ ವೆಚ್ಚವೇ ಹೆಚ್ಚಾಗಿತ್ತು. 2007ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸೋನಿಯ ಆಟದ ವಿಭಾಗಕ್ಕೆ ಸುಮಾರು 23,000 ಕೋಟಿ ಯೆನ್ ನಷ್ಟವಾಯಿತು. ಒಂದು ವರ್ಷ ಮೊದಲೇ ಬಂದಿದ್ದ ಎಕ್ಸ್‌ಬಾಕ್ಸ್ 360 ಅಷ್ಟರಲ್ಲಿ ಮನೆಮನೆ ಸೇರಿತ್ತು.

ಆದರೆ ಇನ್ನೊಂದು ಪರಿಣಾಮವೂ ಆಯಿತು. ಪ್ಲೇಸ್ಟೇಷನ್ 3 ಹೊಕ್ಕ ಪ್ರತಿಯೊಂದು ಮನೆಯೂ, ಬೇಕೆಂದು ಕೇಳದಿದ್ದರೂ, ಬ್ಲೂ-ರೇ ಇರುವ ಮನೆಯಾಯಿತು. ಚಿತ್ರ ಕಂಪನಿಗಳು ಈ ಮನೆಗಳನ್ನು ಲೆಕ್ಕ ಹಾಕಿದವು. ಎರಡೂ ಕಡೆ ಡಿಸ್ಕು ಹೊರಡಿಸುತ್ತಿದ್ದ ವಾರ್ನರ್ ಕಂಪನಿ 2008ರ ಜನವರಿ 4ರಂದು ತಾನು ಬ್ಲೂ-ರೇಯೊಂದನ್ನೇ ಉಳಿಸಿಕೊಳ್ಳುವುದಾಗಿ ಸಾರಿತು. ಫೆಬ್ರವರಿ 19ರಂದು ತೋಷಿಬಾ ಎಚ್.ಡಿ. ಡಿ.ವಿ.ಡಿ.ಯನ್ನು ಕೈಬಿಟ್ಟಿತು. ಅದನ್ನು ನಂಬಿ ಯಂತ್ರ ಕೊಂಡವರ ಪೆಟ್ಟಿಗೆಗಳು ಹಾಳಾಗಲಿಲ್ಲ. ಅವಕ್ಕೆ ಹೊಸ ಡಿಸ್ಕು ಬರುವುದು ನಿಂತಿತು, ಅಷ್ಟೇ.

ಆಟಗಳ ಮೇಲೆ ಇದರ ಪರಿಣಾಮವೇನು? ಫೈನಲ್ ಫ್ಯಾಂಟಸಿ 13 ಎಂಬ ಆಟ ಪ್ಲೇಸ್ಟೇಷನ್ 3ರಲ್ಲಿ ಒಂದೇ ಬ್ಲೂ-ರೇಯಲ್ಲಿ ಬಂದರೆ, 2010ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಮೂರು ಡಿ.ವಿ.ಡಿ.ಗಳಲ್ಲಿ ಬಂದಿತು. ಆಡುವವರು ನಡುವೆ ಎದ್ದು ಡಿಸ್ಕು ಬದಲಿಸಬೇಕಿತ್ತು. ಹೀಗಿದ್ದರೂ ಎರಡೂ ಯಂತ್ರಗಳು ತಲಾ 8 ಕೋಟಿಗೂ ಹೆಚ್ಚು ಮಾರಾಟವಾದವು. ಅಂದರೆ ಡಿಸ್ಕಿನ ಪೈಪೋಟಿಯಲ್ಲಿ ಸೋನಿ ಗೆದ್ದಿತು. ಆಟದ ಯಂತ್ರದ ಪೈಪೋಟಿಯಲ್ಲಿ ಪ್ಲೇಸ್ಟೇಷನ್ 2ರ ಕಾಲದ ಮೇಲುಗೈಯನ್ನು ಕಳೆದುಕೊಂಡಿತು. 2013ರಲ್ಲಿ ಬಂದ ಎಕ್ಸ್‌ಬಾಕ್ಸ್ ಒನ್ ಕೂಡ ಬ್ಲೂ-ರೇಯನ್ನೇ ಒಪ್ಪಿಕೊಂಡಿತು.

ನಮ್ಮ ನಾಡಿನಲ್ಲಿ ಆಗ ಏನು ನಡೆದಿತ್ತು? ಭಾರತದಲ್ಲಿ ಎಕ್ಸ್‌ಬಾಕ್ಸ್ 360 ಬಂದದ್ದು 2006ರಲ್ಲಿ, 19,990 ರೂಪಾಯಿಯ ಆರಂಭದ ಬೆಲೆಗೆ. ಪ್ಲೇಸ್ಟೇಷನ್ 3 ಬಂದದ್ದು 2007ರಲ್ಲಿ, 39,990 ರೂಪಾಯಿಗೆ. ಅದೇ 2007ರಲ್ಲಿ ಮೋಸರ್ ಬೇರ್ ಎಂಬ ಭಾರತೀಯ ಕಂಪನಿ ಸಿನಿಮಾ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿತು. ಒಂದು ಆಟದ ಯಂತ್ರದ ಬೆಲೆಗೆ 1,400ಕ್ಕೂ ಹೆಚ್ಚು ವಿ.ಸಿ.ಡಿ.! ವಿ.ಸಿ.ಡಿ.ಯ ಚಿತ್ರ ಅಷ್ಟೇನೂ ಸ್ಪಷ್ಟವಲ್ಲ. ಒಂದು ಡಿಸ್ಕಿನಲ್ಲಿ 74 ನಿಮಿಷ ಮಾತ್ರ ಹಿಡಿಯುವುದರಿಂದ ಒಂದು ಕನ್ನಡ ಸಿನಿಮಾಕ್ಕೆ ಎರಡು ಮೂರು ಡಿಸ್ಕು ಬೇಕು. ಆದರೂ ನಮ್ಮ ಹಳ್ಳಿಗಳಲ್ಲಿ ನಡೆದದ್ದು ಅದೇ. ಕೈಗೆಟುಕುವ ಬೆಲೆಯೂ ಒಂದು ಗುಣವೇ ಎಂಬುದನ್ನು ತಂತ್ರಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು.

ಬ್ಲೂ-ರೇ ಗೆದ್ದ ಕೆಲವೇ ವರ್ಷಗಳಲ್ಲಿ ಸಿನಿಮಾ ಮತ್ತು ಆಟಗಳು ಅಂತರಜಾಲದ ಮೂಲಕ ನೇರವಾಗಿ ಮನೆಗೆ ಬರತೊಡಗಿದವು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಒಂದು ಮಾದರಿಯಲ್ಲಿ ಡಿಸ್ಕು ಹಾಕುವ ಜಾಗವೇ ಇಲ್ಲ. ಇದರಲ್ಲಿ ಅನುಕೂಲವಿದೆ, ಎಚ್ಚರವೂ ಬೇಕು. ಡಿಸ್ಕಾದರೆ ಗೆಳೆಯನಿಗೆ ಕೊಡಬಹುದು, ಮಾರಬಹುದು. ಅಂತರಜಾಲದ ಅಂಗಡಿಯನ್ನು ಕಂಪನಿ ಮುಚ್ಚಿದರೆ ನಾವೇನೂ ಮಾಡುವಂತಿಲ್ಲ. ನಿಂಟೆಂಡೋ ಕಂಪನಿ ತನ್ನ ಎರಡು ಹಳೆಯ ಯಂತ್ರಗಳಿಗೆ ಇಂಥ ಅಂಗಡಿಯಲ್ಲಿ ಆಟ ಮಾರುವುದನ್ನು 2023ರ ಮಾರ್ಚಿನಲ್ಲಿ ನಿಲ್ಲಿಸಿತು.

ಆದ್ದರಿಂದ ಮಿತ್ರರೇ, ಯಾವುದೇ ಯಂತ್ರ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರ ನಮೂನೆಯನ್ನು ಒಂದೇ ಕಂಪನಿ ಬಳಸುತ್ತದೆಯೋ, ಹಲವರು ಬಳಸುತ್ತಾರೋ? ನಾನು ಕೊಂಡದ್ದನ್ನು ಇನ್ನೊಂದು ಯಂತ್ರದಲ್ಲಿ ನಡೆಸಬಹುದೇ? ಕಂಪನಿ ಕೈಬಿಟ್ಟರೆ ನನ್ನ ಬಳಿ ಏನು ಉಳಿಯುತ್ತದೆ?

ಕೊನೆಗೆ, ಆ ಟ್ರಂಕಿನ ಮಾತು. ಸಿನಿಮಾ ಎಲ್ಲಿಯಾದರೂ ಮತ್ತೆ ಸಿಗುತ್ತದೆ. ಮನೆಯ ಮದುವೆಯ ಟೇಪು ಪ್ರಪಂಚದಲ್ಲಿ ಒಂದೇ. 2016ರ ಜುಲೈಯಲ್ಲಿ ಜಪಾನಿನ ಫುನಾಯ್ ಕಂಪನಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು. ಉಳಿದಿರುವ ಯಂತ್ರಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಟೇಪು ತೇವಕ್ಕೆ ಬೂಸು ಹಿಡಿಯುತ್ತದೆ. ಮನೆಯಲ್ಲಿ ಬರೆದ ಸಿ.ಡಿ. ಬಿಸಿಲು, ಶಾಖಕ್ಕೆ ಹಾಳಾಗುತ್ತದೆ. ಮದುವೆಯ ವಿಡಿಯೋ ತೆಗೆಯುವವರಲ್ಲಿ ಹಳೆಯ ಯಂತ್ರ ಇನ್ನೂ ಇದೆಯೇ ಎಂದು ವಿಚಾರಿಸಿ. ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಎರಡು ಪ್ರತಿಗಳನ್ನು ಎರಡು ಬೇರೆ ಕಡೆ ಇಡಿ. ಕೆಲವು ವರ್ಷಗಳಿಗೊಮ್ಮೆ ಆಗಿನ ಹೊಸ ನಮೂನೆಗೆ ಬದಲಿಸಿ. ಬರುವ ರಜೆಯಲ್ಲಿ ಈ ಒಂದು ಕೆಲಸ ಮಾಡಿದರೆ, ಅಜ್ಜಿಯ ಸೋಬಾನೆ ಪದ ನಿಮ್ಮ ಮಕ್ಕಳಿಗೂ ಕೇಳಿಸೀತು.