ಮೂಕವಾದ ಮುದ್ರಿಕೆಗಳು



ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಕನ್ನಡ, ತೆಲುಗುಗಳೆರಡರಲ್ಲೂ ಪದಗಳನ್ನು ರಚಿಸಿದವರು. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟಗಳ ಕಡೆ ಇಂಥ ಪದಗಳನ್ನು ಹಾಡುತ್ತಿದ್ದ ಹಿರಿಯರ ದನಿಯನ್ನು ಮನೆಯವರೇ ಸಿ.ಡಿ.ಗಳಿಗೆ ಇಳಿಸಿಕೊಂಡಿರುವುದನ್ನು ನಾನು ಬಲ್ಲೆ. ಅದೇ ಸಿ.ಡಿ. ಒಂದು ಯಂತ್ರದಲ್ಲಿ ಹಾಡುತ್ತದೆ, ಇನ್ನೊಂದರಲ್ಲಿ ಮೂಕವಾಗುತ್ತದೆ. ಏಕೆ?

ಯಂತ್ರವು ಸಿ.ಡಿ.ಯನ್ನು ಓದುವುದು ಮರಳಿ ಬರುವ ಲೇಸರ್ ಬೆಳಕಿನಿಂದ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿ.ಡಿ. ಶೇಕಡಾ 70ರಷ್ಟು ಬೆಳಕನ್ನು ಮರಳಿಸಿದರೆ, ಅಳಿಸಿ ಬರೆಯುವ ಬಗೆಯದು 15ರಿಂದ 25ರಷ್ಟನ್ನು ಮಾತ್ರ ಮರಳಿಸುತ್ತದೆ. ಹಳೆಯ ಯಂತ್ರಕ್ಕೆ ಅದು ಸಾಲದು. 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೊ ಸಿ.ಡಿ. ಪದ್ಧತಿಯನ್ನಷ್ಟೇ ಅರಿತ ಯಂತ್ರಕ್ಕೆ ಎಂಪಿ3 ಅರ್ಥವಾಗದು. ಬರವಣಿಗೆಯನ್ನು ಕೊನೆಗೆ ಮುಚ್ಚದೆ ಬಿಟ್ಟ ಸಿ.ಡಿ.ಯೂ ಅಷ್ಟೇ. ಹೊಸದಾಗಿ ಬರೆಯುವವರು ಒಮ್ಮೆ ಮಾತ್ರ ಬರೆಯಬಹುದಾದ ಸಿ.ಡಿ.ಯನ್ನೇ ಕೊಂಡು, ಆಡಿಯೊ ಕ್ರಮದಲ್ಲಿ ಬರೆದು ಮುಚ್ಚಬೇಕು.

ಆದುದರಿಂದ ಹಾಡಲಿಲ್ಲವೆಂದು ಯಾವುದನ್ನೂ ಎಸೆಯಬೇಡಿ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಕಂಪ್ಯೂಟರಿನಲ್ಲಿಟ್ಟು ನೋಡಿ. ದನಿ ಸಿಕ್ಕಿದರೆ ಅಂದೇ ಎರಡು ಕಡೆ ಪ್ರತಿಮಾಡಿಡಿ. ಏಕೆಂದರೆ ಒಮ್ಮೆ ಮಾತ್ರ ಬರೆಯಬಹುದಾದ ಸಿ.ಡಿ.ಯಲ್ಲಿ ಹಾಡನ್ನು ಹಿಡಿದಿಟ್ಟಿರುವುದು ಬಣ್ಣದ ತೆಳುಪದರ. ಬಿಸಿಲಿಗೂ ಸೆಕೆಗೂ ಅದು ಕೆಡುತ್ತದೆ. ಸಿ.ಡಿ.ಯನ್ನು ಮತ್ತೆ ಕೊಳ್ಳಬಹುದು. ಹಾಡಿದವರನ್ನು ಮತ್ತೆ ಕರೆತರಲಾದೀತೆ?